ಓದುಗರ ಪ್ರಶ್ನೆ: ತರಗತಿಯಲ್ಲಿ ನಕ್ಕವರು ಯಾರು?

ಈ ಸಂಚಿಕೆಗೆ ಆರಿಸಿಕೊಂಡಿರುವ ಮೂರು ಪತ್ರಗಳೂ ಶಾಲೆಯಲ್ಲಿ ಮಕ್ಕಳು ಮಕ್ಕಳನ್ನೇ ಪೀಡಿಸುವ ವಿಷಯಕ್ಕೆ ಸಂಬಂಧಿಸಿವೆ.

ಪ್ರಶ್ನೆ: ನಾವು ಬಾಗಲಕೋಟೆ ಕಡೆಯವರು. ಯಜಮಾನರ ಕೆಲಸದ ನಿಮಿತ್ತ ಕಳೆದ ಜೂನ್‌ನಲ್ಲಿ ಬೆಂಗಳೂರಿಗೆ ಬಂದೆವು. ಏಳನೆಯ ತರಗತಿಯಲ್ಲಿರುವ ಮಗ ಮಾತನಾಡಿದಾಗಲೆಲ್ಲ ಐದಾರು ಹುಡುಗರು ‘ಹೋಗಾಕತ್ತೀನ್ರಿ’ ಎಂದು ರಾಗ ಎಳೆದು ಅಣಕಿಸುತ್ತಾರಂತೆ. ಈಗ ಅವನು ತರಗತಿಯಲ್ಲಿ ಬಾಯಿಯನ್ನೇ ಬಿಡುವುದಿಲ್ಲ, ಡಬ್ಬಿಯ ಊಟ ಹಾಗೆಯೇ ಮರಳಿ ಬರುತ್ತದೆ, ಸಂಜೆ ಮನೆಗೆ ಬಂದವನೇ ಬಚ್ಚಲಿಗೆ ಓಡುತ್ತಾನೆ. ‘ನೀನೂ ಎರಡು ಬಾರಿಸಿ ಬಾ’ ಎನ್ನುತ್ತಾರೆ ಅವನ ತಂದೆ. ಇದು ತಾನಾಗಿ ಸರಿಹೋಗುತ್ತದೆಯೆ?
— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅಣಕದ ಮಾತಲ್ಲ, ಬಚ್ಚಲಿಗೆ ಓಡುವ ಸಂಗತಿ. ಇಡೀ ದಿನ ಮೂತ್ರ ತಡೆದುಕೊಂಡು ಬರುವ ಮಗುವಿಗೆ ಶಾಲೆಯ ಶೌಚಾಲಯವು ಹೆದರಿಕೆಯ ಜಾಗವಾಗಿರಬಹುದು, ಏಕೆಂದರೆ ಶಿಕ್ಷಕರ ಕಣ್ಣು ತಲುಪದ ಮೂಲೆಗಳಲ್ಲಿ ಅದೇ ಮೊದಲನೆಯದು. ಅದು ಬರೀ ಕೊಳಕಾಗಿರುವುದೂ ಕಾರಣವಿರಬಹುದು, ನಮ್ಮ ಶಾಲೆಗಳ ಸ್ಥಿತಿ ಗೊತ್ತಿರುವವರು ಅದನ್ನು ತಳ್ಳಿಹಾಕಲಾರರು. ಆದ್ದರಿಂದ ಕೇಳಿಯೇ ತಿಳಿಯಬೇಕು. ‘ಯಾರು ಏನಂದರು’ ಎಂದು ವಿಚಾರಣೆಗೆ ಕೂರಿಸಿದರೆ ಮಕ್ಕಳು ‘ಏನಿಲ್ಲ’ ಎಂದು ಎದ್ದು ಹೋಗುತ್ತಾರೆ. ಬಿಡುವಿನಲ್ಲಿ ಎಲ್ಲಿ ನಿಂತಿರುತ್ತಾನೆ, ಊಟಕ್ಕೆ ಯಾರ ಪಕ್ಕ ಕೂರುತ್ತಾನೆ, ಯಾವ ಕಡೆಗೆ ಹೋಗುವುದಿಲ್ಲ ಎಂಬುದನ್ನು ಬೇರೆ ಮಾತಿನ ನಡುವೆ ವಿಚಾರಿಸಿದರೆ ನಿಜ ಹೊರಬರುತ್ತದೆ.

ಗೆಳೆಯರ ನಡುವಿನ ಕೀಟಲೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಸ್ಪಷ್ಟವಾಗಿ ಹೇಳಿದವರು ನಾರ್ವೆಯ ಬರ್ಗನ್‌ನಲ್ಲಿ ಕೆಲಸ ಮಾಡಿದ ಮನೋವಿಜ್ಞಾನಿ ಡಾನ್ ಓಲ್ವೇಯಸ್. ನೋಯಿಸಬೇಕೆಂಬ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಎರಡು ಕಡೆಯ ಬಲ ಸಮನಾಗಿಲ್ಲದಿರುವುದು ಎಂಬ ಮೂರೂ ಸೇರಿದರೆ ಅದು ಪೀಡನೆ ಎಂಬುದು ಅವರ ಲಕ್ಷಣನಿರೂಪಣೆ. 1982ರ ಕೊನೆಯಲ್ಲಿ ಉತ್ತರ ನಾರ್ವೆಯಲ್ಲಿ ಮೂವರು ಹುಡುಗರು ಪ್ರಾಣ ಕಳೆದುಕೊಂಡು, ಅದಕ್ಕೆ ಸಹಪಾಠಿಗಳ ಕಾಟವೇ ಕಾರಣವಿರಬಹುದೆಂಬ ಸುದ್ದಿ ಹಬ್ಬಿದ ಮೇಲೆ, ಮರುವರ್ಷವೇ ಅಲ್ಲಿನ ಸರ್ಕಾರ ದೇಶದಾದ್ಯಂತ ಶಾಲೆಗಳಲ್ಲಿ ಅಭಿಯಾನ ನಡೆಸಿತು. ನಿಮ್ಮ ಮಗನ ವಿಷಯದಲ್ಲಿ ಮೂರು ಲಕ್ಷಣಗಳೂ ಇವೆ. ಆದ್ದರಿಂದ ತಾನಾಗಿ ಸರಿಹೋಗಲಿ ಎಂದು ಕಾಯಬೇಡಿ.

ನಿಮ್ಮ ಯಜಮಾನರ ಸಲಹೆ ಪ್ರೀತಿಯಿಂದಲೇ ಬಂದಿದೆ, ಆದರೆ ಲೆಕ್ಕ ತಪ್ಪಿದೆ. ಆರು ಮಂದಿಯ ಎದುರು ಒಬ್ಬ ಎರಡು ಬಾರಿಸಿದರೆ ತಿಂಗಳುಗಟ್ಟಲೆ ನಡೆದ ಅಣಕ ಯಾರ ಕಣ್ಣಿಗೂ ಬೀಳದೆ ಆ ಎರಡು ಏಟು ಮಾತ್ರ ಮುಖ್ಯೋಪಾಧ್ಯಾಯರ ಕೊಠಡಿ ತಲುಪುತ್ತದೆ. ಅದರ ಬದಲು ಯಾವ ದಿನ, ಯಾವ ಹೊತ್ತಿನಲ್ಲಿ, ಎಲ್ಲಿ, ಏನು ನಡೆಯಿತೆಂದು ಎರಡು ವಾರ ಬರೆದಿಟ್ಟು, ಆ ಪಟ್ಟಿಯೊಡನೆ ಲಿಖಿತ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಶಾಲೆ ಅಲಕ್ಷಿಸಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಬರೆಯಬಹುದು. 1098 ಮಕ್ಕಳ ಸಹಾಯವಾಣಿ. ಹುಡುಗ ನಿದ್ದೆಗೆಟ್ಟು, ಬದುಕೇ ಬೇಡವೆಂಬ ಮಾತಾಡಿದರೆ ಮಾತ್ರ ಈ ಯಾವುದಕ್ಕೂ ಕಾಯದೆ, ಕನ್ನಡದಲ್ಲಿಯೂ ದೊರೆಯುವ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಅದೇ ದಿನ ಕರೆ ಮಾಡಿ.

ಭಾಷೆಯ ಬಗ್ಗೆ ಒಂದು ಮಾತು. ಅವನ ಕನ್ನಡವನ್ನು ತಿದ್ದಲು ಹೋಗಬೇಡಿ. ಮನೆಯಲ್ಲೂ ತಿದ್ದಿದರೆ ಅಣಕಿಸಿದವರೇ ಸರಿ ಎಂದಾಗುತ್ತದೆ. ಕನ್ನಡ ಶಿಕ್ಷಕರು ಧಾರವಾಡದ ಆಡುನುಡಿಯ ಪದ್ಯವೊಂದನ್ನು ತರಗತಿಯಲ್ಲಿ ತಾವೇ ಸೊಗಸಾಗಿ ಓದಲಿ ಎಂದು ಕೋರಿ. ಅವನಿಂದ ಓದಿಸುವುದು ಬೇಡ. ಎಲ್ಲರ ದೃಷ್ಟಿ ಈಗಾಗಲೇ ಬೇಕಾದುದಕ್ಕಿಂತ ಹೆಚ್ಚಾಗಿ ಅವನ ಮೇಲಿದೆ.

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕ. ಎಂಟನೆಯ ತರಗತಿಯ ಒಬ್ಬ ಹುಡುಗನನ್ನು ಇನ್ನೊಬ್ಬ ದಿನವೂ ಅಡ್ಡಹೆಸರಿನಿಂದ ಕರೆದು ಚೀಲ ಬಚ್ಚಿಡುತ್ತಿದ್ದ. ಇಬ್ಬರನ್ನೂ ತರಗತಿಯ ಮುಂದೆ ನಿಲ್ಲಿಸಿ ಕ್ಷಮೆ ಕೇಳಿಸಿ, ಕೈಕುಲುಕಿಸಿದೆ. ಮರುವಾರದಿಂದ ಕಾಟ ಇಮ್ಮಡಿಯಾಯಿತು. ನಾನು ಎಲ್ಲಿ ಎಡವಿದೆ?
— ಒಬ್ಬ ಶಿಕ್ಷಕ, ಶಿವಮೊಗ್ಗ ಜಿಲ್ಲೆ

ಉತ್ತರ: ಎಡವಿದ್ದನ್ನು ತಾವೇ ಒಪ್ಪಿಕೊಂಡು ಬರೆದಿದ್ದೀರಿ, ಅದು ಅಪರೂಪ. ಸಮಬಲರ ಜಗಳಕ್ಕೆ ರಾಜಿ ಪಂಚಾಯಿತಿ ಸಲ್ಲುತ್ತದೆ. ಇಲ್ಲಿ ನಡೆದದ್ದು ಜಗಳವಲ್ಲ. ನೊಂದವನನ್ನೂ ನೋಯಿಸಿದವನನ್ನೂ ಅಕ್ಕಪಕ್ಕ ನಿಲ್ಲಿಸಿದಾಗ ತಪ್ಪು ಇಬ್ಬರದೂ ಅರ್ಧರ್ಧ ಎಂಬಂತಾಯಿತು, ಕ್ಷಮೆ ಕೇಳಿದವನಿಗೆ ಎಲ್ಲರೆದುರು ಆದ ಅವಮಾನದ ಬಾಕಿ ಉಳಿಯಿತು, ಆ ಬಾಕಿಯನ್ನು ಅವನು ಮರುವಾರ ವಸೂಲು ಮಾಡಿದ.

ಆದರೆ ನಿಮ್ಮ ಪತ್ರದಲ್ಲಿ ಬಾರದೇ ಉಳಿದವರು ಬೇರೆ ಇದ್ದಾರೆ. ಚೀಲ ಬಚ್ಚಿಟ್ಟಾಗ ನಕ್ಕವರು ಎಷ್ಟು ಮಂದಿ, ಹುಡುಕಿಕೊಡಲು ಎದ್ದವರು ಯಾರು? ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಕೇಳಿತು. ಪೀಡಿಸುವವನಿಗೆ ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ಕಂಡರೂ ಕಾಣದಂತೆ ಸರಿಯುವವರು, ನೊಂದವನ ಪರ ನಿಲ್ಲುವವರು ಎಂದು ತರಗತಿಯ ಬಹುಪಾಲು ಮಕ್ಕಳಿಗೆ ಒಂದಲ್ಲ ಒಂದು ಪಾತ್ರವಿರುವುದು ಅದರಲ್ಲಿ ಕಂಡುಬಂತು. ಕೆನಡಾದ ಟೊರಾಂಟೊದ ಶಾಲಾ ಮೈದಾನಗಳಲ್ಲಿ ಕ್ಯಾಮೆರಾ ಇಟ್ಟು ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಇಂಥ ಘಟನೆಗಳ ನೂರರಲ್ಲಿ 88ರಲ್ಲಿ ಬೇರೆ ಮಕ್ಕಳು ಸುತ್ತ ಇದ್ದರು, ನಡುವೆ ಬಂದು ತಡೆದದ್ದು 19ರಲ್ಲಿ ಮಾತ್ರ. ಆದರೆ ಹಾಗೆ ತಡೆದಾಗ ಅರ್ಧಕ್ಕಿಂತ ಹೆಚ್ಚು ಸಲ ಹತ್ತು ಸೆಕೆಂಡಿನೊಳಗೆ ಕಾಟ ನಿಂತಿತು. ಕಾಟ ಕೊಡುವವನಿಗೆ ಚೀಲದಿಂದ ಆಗಬೇಕಾದದ್ದೇನೂ ಇಲ್ಲ, ನೋಡುಗರು ಬೇಕು.

ಸಾಲ್ಮಿವಲ್ಲಿ ರೂಪಿಸಿದ, 2009ರಿಂದ ಫಿನ್ಲೆಂಡಿನಾದ್ಯಂತ ಶಾಲೆಗಳು ಅಳವಡಿಸಿಕೊಂಡ ‘ಕಿವಾ’ ಎಂಬ ಕಾರ್ಯಕ್ರಮದ ಒಂದು ಕ್ರಮವನ್ನು ನೀವು ನಾಳೆಯೇ ಖರ್ಚಿಲ್ಲದೆ ಮಾಡಬಹುದು. ಮೊದಲು ನೊಂದ ಹುಡುಗನೊಡನೆ, ಬೇರೆ ಮಕ್ಕಳ ಕಣ್ಣಿಗೆ ಬೀಳದಂತೆ, ಒಬ್ಬನನ್ನೇ ಕೂರಿಸಿಕೊಂಡು ಮಾತನಾಡಿ. ಪೀಡಿಸಿದವನನ್ನೂ ಅವನ ಸಂಗಡಿಗರನ್ನೂ ಒಬ್ಬೊಬ್ಬರಾಗಿ ಕರೆದು, ಕಾಟ ನಿಲ್ಲಬೇಕೆಂದು ಸ್ಪಷ್ಟವಾಗಿ ಹೇಳಿ, ವಾರದ ಬಳಿಕ ಮತ್ತೆ ಕರೆದು ಕೇಳಿ. ಆಮೇಲೆ ತರಗತಿಯಲ್ಲಿ ಮಾತು ನಡೆಯುವ, ಸ್ವಭಾವದಲ್ಲಿ ಒಳ್ಳೆಯವರಾದ ಮೂರು ನಾಲ್ಕು ಮಕ್ಕಳನ್ನು ಆರಿಸಿ, ಬಿಸಿಯೂಟದ ಸಾಲಿನಲ್ಲಿ ಆ ಹುಡುಗನ ಪಕ್ಕ ಕೂರುವಂತೆ, ಆಟಕ್ಕೆ ಅವನನ್ನು ಕರೆಯುವಂತೆ ಕೋರಿ. ಇಡೀ ಕ್ರಮದಲ್ಲಿ ಹೆಚ್ಚು ಕೆಲಸ ಮಾಡುವುದು ಈ ಕೊನೆಯದೇ ಎಂಬುದು ನನ್ನ ಎಣಿಕೆ.

ತುಸು ಕಹಿ ಎನಿಸುವ ಪ್ರಶ್ನೆಯೊಂದನ್ನೂ ಕೇಳಬೇಕಾಗಿದೆ: ಆ ಅಡ್ಡಹೆಸರು ಮೊದಲು ಹುಟ್ಟಿದ್ದು ಯಾರ ಬಾಯಲ್ಲಿ? ಹಾಜರಿ ಕರೆಯುವಾಗ ಮೇಷ್ಟ್ರೇ ಇಟ್ಟ ‘ಡುಮ್ಮ’, ‘ಮಂಕ’ ಎಂಬ ಹೆಸರು ಬಿಡುವಿನ ಹೊತ್ತಿಗೆ ಮಕ್ಕಳ ಕೈಯ ಕಲ್ಲಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯೊಡನೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದ್ದನ್ನು ನಮ್ಮ ಶಿಕ್ಷಕರ ಕೊಠಡಿಗಳಲ್ಲಿ ಬೆತ್ತಕ್ಕೆ ಮಾತ್ರ ಅನ್ವಯಿಸಿ ಓದುವುದು ರೂಢಿಯಾಗಿದೆ. ಅಡ್ಡಹೆಸರು ಜಾತಿಯನ್ನು ಸೂಚಿಸುವಂಥದ್ದಾದರೆ ಅದನ್ನು ಮಕ್ಕಳಾಟವೆಂದು ಒಂದು ಗಳಿಗೆಯೂ ಸಹಿಸಬೇಡಿ.

ಪ್ರಶ್ನೆ: ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳು ಮತ್ತು ಗೆಳತಿಯರು ವಾಟ್ಸ್ಆ್ಯಪ್ ಗುಂಪೊಂದನ್ನು ಮಾಡಿ ಸಹಪಾಠಿಯೊಬ್ಬಳ ಫೋಟೊಗಳಿಗೆ ತಮಾಷೆಯ ಸಾಲು ಸೇರಿಸಿ ಹಂಚುತ್ತಿದ್ದರೆಂದು ಶಾಲೆಯವರು ನನ್ನನ್ನು ಕರೆಸಿದರು. ಮಗಳು ಓದಿನಲ್ಲಿ ಮುಂದು, ಮನೆಯಲ್ಲಿ ಸೌಮ್ಯ ಸ್ವಭಾವದವಳು. ಶಾಲೆಯವರು ಅತಿಯಾಗಿ ಮಾಡುತ್ತಿದ್ದಾರೆಯೆ?
— ಒಬ್ಬ ತಂದೆ, ಮೈಸೂರು

ಉತ್ತರ: ಇಲ್ಲ. ಹೆಚ್ಚು ಅಂಕ, ಸೌಮ್ಯ ಸ್ವಭಾವ, ಪೀಡನೆ ಈ ಮೂರೂ ಒಬ್ಬರಲ್ಲೇ ಇರಬಹುದು. ‘ತಮಾಷೆಗೆ ಮಾಡಿದ್ದು’ ಎಂಬ ಸಮಜಾಯಿಷಿಯನ್ನು ಕಾನೂನು ಬರೆದವರೂ ಮೊದಲೇ ಊಹಿಸಿದ್ದರು: 1983ರ ಕರ್ನಾಟಕ ಶಿಕ್ಷಣ ಕಾಯ್ದೆಯು ರ‍್ಯಾಗಿಂಗ್ ಎಂದರೇನೆಂದು ವಿವರಿಸುವಾಗ, ಘನತೆಗೆ ಕುಂದು ತರುವ, ನಗೆಗೀಡು ಮಾಡುವ ಕೃತ್ಯಗಳನ್ನು ವಿದ್ಯಾರ್ಥಿಯಿಂದ ತಮಾಷೆಯ ರೂಪದಲ್ಲಿ ಮಾಡಿಸಿದರೂ ಅದನ್ನು ಅದರಲ್ಲಿ ಸೇರಿಸಿದೆ. ಶಾಲೆಯ ಅಣಕವಾದರೆ ಸಂಜೆಯ ಗಂಟೆಗೆ ನಿಲ್ಲುತ್ತಿತ್ತು. ಫೋನಿನದು ಆ ಹುಡುಗಿಯ ಜೊತೆ ಅವಳ ಹಾಸಿಗೆಯವರೆಗೂ ಹೋಗುತ್ತದೆ.

ಮಗಳಿಗೆ ಹೊಡೆಯಬೇಡಿ, ಬಲವಿದ್ದವರು ಬಲವಿಲ್ಲದವರನ್ನು ಬಗ್ಗಿಸಬಹುದೆಂಬ ಪಾಠವನ್ನು ಅವಳು ಈಗಾಗಲೇ ಎಲ್ಲಿಂದಲೋ ಕಲಿತಿದ್ದಾಳೆ. ಆ ಸಂದೇಶಗಳನ್ನು ಒಂದೊಂದಾಗಿ, ನಿಮ್ಮ ಎದುರು ಕುಳಿತು, ಗಟ್ಟಿಯಾಗಿ ಓದಲು ಹೇಳಿ. ಮಧ್ಯೆ ನೀವು ಏನೂ ಹೇಳಬೇಡಿ. ಗುಂಪನ್ನು ಆತುರದಿಂದ ಅಳಿಸಿಹಾಕುವ ಮೊದಲು ಶಾಲೆಯವರಿಗೆ ಅದರ ಪ್ರತಿ ಕೊಡಿ, ಯಾರ ಫೋನಿನಲ್ಲಿ ಯಾವ ಚಿತ್ರ ಉಳಿದಿದೆ ಎಂಬುದನ್ನು ಪತ್ತೆಹಚ್ಚಿ ತೆಗೆಸಲು ಅದು ಬೇಕಾಗುತ್ತದೆ. ಕ್ಷಮೆ ಕೇಳಲು ಆ ಹುಡುಗಿಯ ಮನೆಗೆ ಮಗಳನ್ನು ಇಂದೇ ಕರೆದೊಯ್ಯುವ ಯೋಚನೆಯಿದ್ದರೆ ತಡೆಹಿಡಿಯಿರಿ. ಅವಳು ಯಾವಾಗ, ಎಲ್ಲಿ, ಯಾರೆದುರು ಕೇಳಿಸಿಕೊಳ್ಳಲು ಬಯಸುತ್ತಾಳೆ, ಅಥವಾ ಬಯಸುವುದೇ ಇಲ್ಲವೋ ಎಂಬುದನ್ನು ಅವಳ ತರಗತಿ ಶಿಕ್ಷಕಿಯಿಂದ ತಿಳಿದುಕೊಂಡ ಮೇಲೆ ಹೊರಡಿ.