ಗೇರುಬೀಜ ಖರೀದಿಗೆ ಘಾನಾದ ಸಾಂಪಾಕ್ಕೆ ಹೋಗುತ್ತಿದ್ದೇನೆ. ಅಲ್ಲಿ ಯಾವ ಅಧಿಕಾರಿಯನ್ನು ಹಿಡಿದರೆ ಕೆಲಸ ಆಗುತ್ತದೆ? ಜನ, ಹವೆ ಹೇಗೆ?

ನನ್ನನ್ನೂ ಮಂಗಳೂರಿನ ಒಂದು ಕಾರ್ಖಾನೆಯವರು ಇದೇ ಸಾಂಪಾಕ್ಕೆ ಕಳಿಸಿದ್ದರು. ಹೊರಡುವ ಮುಂಚೆ ನಾನೂ ಇದನ್ನೇ ಕೇಳಿದ್ದೆ. ಯಾರನ್ನೂ ಹಿಡಿಯೋದು ಬೇಡ ಮಾರಾಯ್ರೆ. ಮಳೆ ಯಾವಾಗ ಬರುತ್ತದೆ ಅಂತ ಕೇಳಿ ಮೊದಲು.

ನಾನು ಇಳಿದಾಗ ಹರ್ಮಟಾನ್ ಬೀಸುತ್ತಿತ್ತು. ಸಹಾರಾ ಕಡೆಯಿಂದ ಬರುವ ಒಣಗಾಳಿ ಅದು. ಆಕಾಶ ಪೂರಾ ಧೂಳು, ತುಟಿ ಒಡೆದು ಉರಿ, ಒಗೆದ ಬಟ್ಟೆ ನೋಡನೋಡುತ್ತಲೇ ಗರಿಗರಿ. ಘಾನಾದಲ್ಲಿ ಮಳೆ ಶುರುವಾಗೋದು ಮೇ ತಿಂಗಳಲ್ಲಿ ಅಂತ ಯಾರೋ ಹೇಳಿದ್ದರು. ಅದು ಉತ್ತರದ ತಮಾಲೆ ಕಡೆಯ ಲೆಕ್ಕ. ಅಲ್ಲಿ ವರ್ಷಕ್ಕೆ ಒಂದೇ ಮಳೆಗಾಲ. ಸಾಂಪಾ ಇರೋದು ಬೋನೊ ಪ್ರಾಂತ್ಯದಲ್ಲಿ, ದಕ್ಷಿಣದ ಕಾಡಿಗೂ ಉತ್ತರದ ಹುಲ್ಲುಗಾವಲಿಗೂ ನಡುವೆ. ಇಲ್ಲಿ ಮಳೆಗಾಲ ಎರಡು. ಏಪ್ರಿಲ್‌ನಿಂದ ಜುಲೈವರೆಗೆ ಒಂದು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಂದು. ಮೊದಲ ಮಳೆ ಮಾರ್ಚ್‌ನಲ್ಲೇ ಬಿದ್ದುಬಿಡಬಹುದು. ಬೀಜದ ಸುಗ್ಗಿ ಫೆಬ್ರವರಿಯಿಂದ ಮೇ ತನಕ. ಎರಡೂ ಒಂದರ ಮೇಲೊಂದು ಬೀಳುತ್ತವೆ, ಗೊತ್ತಾಯ್ತಲ್ಲ?

ನಾನು ಹೊಡೆತ ತಿಂದಿದ್ದು ಇಲ್ಲೇ. ಸ್ವಲ್ಪ ಉದ್ದ ಆಗುತ್ತದೆ, ಓದಿ. ರೈತರು ಬೀಜ ತರೋದು ಹಳೇ ಗೊಬ್ಬರದ ನೈಲಾನ್ ಚೀಲದಲ್ಲಿ. ಹಣ್ಣಿನಿಂದ ಆಗಷ್ಟೇ ಕಿತ್ತದ್ದಾದರೆ ರಸ ಅಂಟಿಕೊಂಡಿರುತ್ತದೆ. ಅದನ್ನು ಅಂಗಳಕ್ಕೆ ಸುರಿದು, ಎರಡು ಮೂರು ಬಿಸಿಲು ತೋರಿಸಿ, ಗೋಣಿಗೆ ತುಂಬಿ, ಹಲಗೆ ಮೇಲೆ ಅಟ್ಟಿ ಹಾಕಬೇಕು. ನಾನೋ, ಅವರು ತಂದ ಚೀಲದಲ್ಲೇ ಗೋಡೌನಿಗೆ ಸೇರಿಸಿದೆ. ಗಾಳಿಯೇ ಇಷ್ಟು ಒಣಗಿದೆ, ಇನ್ನೇನು ಒಣಗಿಸೋದು ಅಂತ. ದರ ಬೇರೆ ಏರುತ್ತಿತ್ತು. ಹರಡಿಕೊಂಡು ಕೂತರೆ ಪಕ್ಕದ ಖರೀದಿದಾರ ಊರನ್ನೇ ಗುಡಿಸಿಕೊಂಡು ಹೋಗುತ್ತಾನೆ ಎಂಬ ಆತುರ. ಆದರೆ ಹೊರಗೆ ಎಂಥ ಒಣಗಾಳಿ ಇದ್ದರೂ ನೈಲಾನ್ ಚೀಲದೊಳಗಿನ ಬೀಜಕ್ಕೆ ಅದು ತಾಗಬೇಕಲ್ಲ? ಮಾರ್ಚ್‌ನಲ್ಲಿ ಮಳೆ ಬಂತು. ತಗಡು ಸೋರಲಿಲ್ಲ, ಒಂದು ಹನಿಯೂ ಒಳಗೆ ಬರಲಿಲ್ಲ. ಆದರೂ ಚೀಲದೊಳಗೆ ಕೈ ಹಾಕಿದರೆ ಬಿಸಿ. ಕೈ ಹೊರಗೆ ತೆಗೆದರೆ ಪಸೆ. ಅದೇ ಮಾಲು ತೆಮಾ ಬಂದರಿನಿಂದ ಕಂಟೇನರ್‌ನಲ್ಲಿ ಹೊರಟಿತು. ಆಮೇಲೆ ವಾರಗಟ್ಟಲೆ ಸಮುದ್ರ. ಮಂಗಳೂರಲ್ಲಿ ಕಟಿಂಗ್ ಮಾಡಿ ನೋಡಿದರೆ ತಿರುಳಿಗೆ ಬೂಸ್ಟು. ಔಟ್‌ಟರ್ನ್ 48 ಅಂತ ಒಪ್ಪಂದ, ಅಂದರೆ 80 ಕೆಜಿ ಬೀಜಕ್ಕೆ 48 ಪೌಂಡ್ ಒಳ್ಳೆ ತಿರುಳು. ಬಂದಿದ್ದು 43. ನನ್ನ ಕಮಿಷನ್ ಪೂರ್ತಿ ಹೋಯ್ತು.

ಹಾಗಾಗಿ ಒಂದು ಹಿಡಿ ಬೀಜ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿ. ಗಲಗಲ ಅನ್ನಬೇಕು. ಉಗುರು ಒತ್ತಿದರೆ ಸಿಪ್ಪೆ ಮೇಲೆ ಗುರುತು ಬೀಳಬಾರದು. ತೇವ ನೋಡುವ ಮೀಟರ್ ಇದ್ದರೆ ಇನ್ನೂ ಒಳ್ಳೇದು, ಶೇ. 10 ದಾಟಿದ್ದನ್ನು ಗೋಣಿಗೆ ತುಂಬಲೇಬೇಡಿ.

ಇನ್ನು ನಿಮ್ಮ ಅಧಿಕಾರಿ. ಸಾಂಪಾ ಜಮಾನ್ ನಾರ್ತ್ ಜಿಲ್ಲೆಯ ಕೇಂದ್ರ. ಅಲ್ಲಿ ಡಿಸ್ಟ್ರಿಕ್ಟ್ ಅಸೆಂಬ್ಲಿ ಇದೆ, ನಮ್ಮ ಜಿಲ್ಲಾ ಪಂಚಾಯ್ತಿ ಅಂದುಕೊಳ್ಳಿ. ಸದಸ್ಯರು ಪಕ್ಷದ ಚಿಹ್ನೆ ಇಲ್ಲದೆ ಗೆದ್ದು ಬರುತ್ತಾರೆ, ಶೇ. 30ರವರೆಗೆ ನೇಮಕದವರು. ಮೇಲೆ ಕೂರುವ ಚೀಫ್ ಎಕ್ಸಿಕ್ಯುಟಿವ್ ಹೆಸರು ಬರೋದು ಮಾತ್ರ ದೇಶದ ಅಧ್ಯಕ್ಷರಿಂದ. ಅಸೆಂಬ್ಲಿಯ ಮೂರನೇ ಎರಡರಷ್ಟು ಮತ ಅದಕ್ಕೆ ಬೇಕು. ರಾಜಧಾನಿ ಅಕ್ರಾದಲ್ಲಿ ಸರ್ಕಾರ ಬದಲಾದರೆ ಇವರೂ ಬದಲು, 2025ರಲ್ಲಿ ಆಗಿದ್ದೂ ಅದೇ. ಅಂಥವರ ಗೆಳೆತನ ಕಟ್ಟಿಕೊಂಡು ಏನು ಮಾಡುತ್ತೀರಿ? ಗೇರುಬೀಜದ ವ್ಯವಹಾರ ನೋಡಿಕೊಳ್ಳೋದು ಕುಮಾಸಿಯ ಟ್ರೀ ಕ್ರಾಪ್ಸ್ ಡೆವಲಪ್‌ಮೆಂಟ್ ಅಥಾರಿಟಿ. ಕನಿಷ್ಠ ದರ ಹೇಳುವವರೂ ಅವರೇ. ಅಲ್ಲಿ ಕಾಗದಪತ್ರ ಸರಿ ಮಾಡಿಕೊಳ್ಳಿ, ಸಾಕು.

ಗೋಡೌನಿಗೆ, ಒಣಗಿಸುವ ಅಂಗಳಕ್ಕೆ ಜಾಗ ಬೇಕಾದರೆ ಊರ ಮುಖ್ಯಸ್ಥರ ಹತ್ತಿರ ಹೋಗಿ. ಭೂಮಿ ವಿಚಾರದಲ್ಲಿ ಅವರ ಮಾತು ನಡೆಯುತ್ತದೆ. ಸಂವಿಧಾನದ ಪ್ರಕಾರ ಅವರು ಪಕ್ಷ ರಾಜಕೀಯ ಮಾಡುವಂತಿಲ್ಲ, ಹಾಗಾಗಿ ಚುನಾವಣೆ ಬಂದರೂ ಅವರು ಅಲ್ಲೇ ಇರುತ್ತಾರೆ. ಕಾಣಿಕೆಗೆ ಸ್ನ್ಯಾಪ್ಸ್ ಎಂಬ ಮದ್ಯದ ಬಾಟಲಿ ಒಯ್ಯಿರಿ. ನೇರವಾಗಿ ಮಾತಾಡಬೇಡಿ, ಕೋಲು ಹಿಡಿದು ನಿಂತ ಒಕ್ಯಾಮೆಗೆ, ಅಂದರೆ ಅವರ ವಕ್ತಾರನಿಗೆ ಹೇಳಿ, ಅವನು ದಾಟಿಸುತ್ತಾನೆ. ಎಡಗೈ ಮುಂದೆ ಮಾಡಬೇಡಿ. ಇದನ್ನು ನಮ್ಮವರಿಗೆ ಹೇಳೋದೇ ಬೇಡ ಅಲ್ವಾ.

ಜನ ಒಳ್ಳೆಯವರು. ನಫಾನಾ, ಬೋನೊ, ಲಿಗ್ಬಿ ಜನಾಂಗದವರು, ಉತ್ತರದಿಂದ ಬಂದು ನೆಲೆಸಿದವರು ಎಲ್ಲ ಇದ್ದಾರೆ. ಸಂತೆಯಲ್ಲಿ ಟ್ವಿ ಭಾಷೆ ನಡೆಯುತ್ತದೆ. ಶನಿವಾರ ಖರೀದಿ ಇಟ್ಟುಕೊಳ್ಳಬೇಡಿ. ಉತ್ತರಕ್ರಿಯೆಗಳೆಲ್ಲ ಅವತ್ತೇ, ಊರಿಗೆ ಊರೇ ಕಪ್ಪು-ಕೆಂಪು ಬಟ್ಟೆ ಉಟ್ಟು ಹೊರಟಿರುತ್ತದೆ. ಗಡಿಯಾಚೆ ಐವರಿ ಕೋಸ್ಟ್. ರಾತ್ರಿ ಅಗ್ಗದ ಮಾಲು ತಂದುಕೊಡುತ್ತೇವೆ ಅಂದರೆ ಮುಟ್ಟಬೇಡಿ. ರಸ್ತೆ ಗಡಿ ಮೂಲಕ ಸಂಸ್ಕರಿಸದ ಬೀಜ ಸಾಗಿಸೋದನ್ನು ಅವರ ಸರ್ಕಾರ ನಿಷೇಧಿಸಿದೆ.

ಹಳದಿ ಜ್ವರದ ಲಸಿಕೆಯನ್ನು ಹೊರಡುವ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಳ್ಳಿ. ಆ ಕಾರ್ಡು ಅಕ್ರಾದಲ್ಲೂ ಬೇಕು, ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಲ್ಲೂ ಬೇಕು.