ಮಗಳ ನೋಟ್‌ಬುಕ್ಕಿನ ಮೂಲೆಯಲ್ಲಿ ಓಡುವ ಎತ್ತು

ಓದುಗರ ಪತ್ರ

‘ಸಂಪಾದಕರಿಗೆ ನಮಸ್ಕಾರ. ನಮ್ಮದು ಗುಳೇದಗುಡ್ಡ. ಮನೆಯಲ್ಲಿ ಎರಡು ಕೈಮಗ್ಗ. ಮಗಳು ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಗಣಿತದ ನೋಟ್‌ಬುಕ್ಕಿನ ಮೂಲೆಯಲ್ಲೆಲ್ಲ ಎತ್ತು ಬರೆಯುತ್ತಾಳೆ. ಹಾಳೆ ಫರ್ರನೆ ಬಿಟ್ಟರೆ ಎತ್ತು ಓಡುತ್ತದೆ. ಅನಿಮೇಷನ್ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಒಂದು ತರಬೇತಿ ಸಂಸ್ಥೆಯವರು ಲ್ಯಾಪ್‌ಟಾಪ್ ಕೊಡಿಸಿ, ಕೋರ್ಸಿಗೆ ಸೇರಿಸಿ, ಈ ವಾರ ಕಟ್ಟಿದರೆ ಫೀ ಕಡಿಮೆ ಅಂದರು. ಸಾಲ ಮಾಡಲೇ? ಅವಳ ಅಜ್ಜಿ ಇದೆಲ್ಲ ಮೊಬೈಲ್ ಹುಚ್ಚು ಅನ್ನುತ್ತಾಳೆ. ಹೆಣ್ಣುಮಗಳನ್ನು ಇದಕ್ಕಾಗಿ ಬೆಂಗಳೂರಿಗೆ ಕಳಿಸೋದಾ ಅಂತ ಬೀಗರು ಕೇಳುತ್ತಾರೆ. ನಮಗೆ ಇದರ ಗಂಧಗಾಳಿ ಇಲ್ಲ. ಅವಳಿಗೆ ಹೇಗೆ ಆಸರೆಯಾಗುವುದು, ತಿಳಿಸಿ.’

ಸಂಪಾದಕರ ಉತ್ತರ

ಮೊದಲು ಸಾಲದ ಮಾತು. ಮಾಡಬೇಡಿ. ‘ಈ ವಾರ ಕಟ್ಟಿದರೆ ಕಡಿಮೆ’ ಅನ್ನುವವರು ಮುಂದಿನ ವಾರವೂ ಅದನ್ನೇ ಅನ್ನುತ್ತಾರೆ. ನಿಮ್ಮ ಮಗಳಿಗೆ ಸದ್ಯ ಬೇಕಾದ ಸಾಮಾನು ಬಹಳಷ್ಟು ನಿಮ್ಮ ಮನೆಯಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪತ್ರದಲ್ಲಿ ನಾನು ಒಪ್ಪದ ಸಾಲು ಒಂದೇ. ‘ನಮಗೆ ಇದರ ಗಂಧಗಾಳಿ ಇಲ್ಲ.’ ಮಗ್ಗದ ಮುಂದೆ ಕೂತವರು ಹೀಗೆ ಅನ್ನಬಾರದು.

ಲೆಕ್ಕ ನೋಡಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತವೆ. ಕೈಯಲ್ಲಿ ಬರೆಯುವವರು ಸಾಮಾನ್ಯವಾಗಿ ಒಂದೊಂದು ಚಿತ್ರವನ್ನು ಎರಡೆರಡು ಸಲ ತೋರಿಸುತ್ತಾರೆ. ಅಂದರೆ ಸೆಕೆಂಡಿಗೆ 12 ಚಿತ್ರ ಬರೆಯಬೇಕು. ಹತ್ತು ಸೆಕೆಂಡಿಗೆ 120, ಒಂದು ನಿಮಿಷಕ್ಕೆ 720. ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ. ನಡುವೆ ಒಂದು ಚಿತ್ರ ಹಾದಿ ತಪ್ಪಿದರೂ ಎತ್ತು ಕುಂಟುತ್ತದೆ. ಒಂದೊಂದೇ ಎಳೆ ಹೊಕ್ಕು ಹಾಕುವವರು ನೀವು. ಸಂಜೆ ಎಷ್ಟು ಬಟ್ಟೆ ಆಯಿತು ಅಂತ ಗೇಣು ಹಾಕುತ್ತೀರಿ. ತಪ್ಪಿದ ಎಳೆ ಕಂಡರೆ ಬಿಚ್ಚಿ ಮತ್ತೆ ನೇಯುತ್ತೀರಿ. ಈ ಕೆಲಸದ ಗುಣ ನಿಮಗೆ ಗೊತ್ತಿಲ್ಲ ಅಂದರೆ ಇನ್ಯಾರಿಗೆ ಗೊತ್ತಿರಬೇಕು?

ಇನ್ನೂ ಒಂದು. ತೂತು ಹೊಡೆದ ರಟ್ಟಿನ ಸರ ಹಾಕಿ ಬುಟ್ಟಾ ಎತ್ತುವ ಜಕಾರ್ಡ್ ಮಗ್ಗ ನೋಡಿರುತ್ತೀರಿ. ಅದು 1804ರ ಸುಮಾರಿಗೆ ಫ್ರಾನ್ಸಿನಲ್ಲಿ ಬಂತು. ಆ ತೂತಿನ ರಟ್ಟನ್ನೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ಎರವಲು ಪಡೆದ. ಹಂಗಾಗಿ ನಿಮ್ಮೂರಲ್ಲಿ ಮನೆಮನೆಗೂ ಕಂಪ್ಯೂಟರ್ ಇಲ್ಲದಿರಬಹುದು, ಆದರೆ ಅದರ ಅಜ್ಜ ಮೊದಲಿನಿಂದ ಇದ್ದಾನೆ.

ಈಗ ನನ್ನದೇ ಒಂದು ದಡ್ಡತನ ಹೇಳುತ್ತೇನೆ. ನನ್ನ ಮಗನೂ ಹತ್ತು ಹನ್ನೊಂದು ವಯಸ್ಸಿನಲ್ಲಿ ಹೀಗೇ ಬರೆಯುತ್ತಿದ್ದ. ನಾನು ಉತ್ಸಾಹದಲ್ಲಿ ಹುಬ್ಬಳ್ಳಿಗೆ ಹೋಗಿ ದುಬಾರಿ ಪೆನ್ ಟ್ಯಾಬ್ಲೆಟ್, ಅಂದರೆ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಹಲಗೆ, ತಂದೆ. ಎರಡು ತಿಂಗಳಲ್ಲಿ ಅದು ಮಂಚದ ಕೆಳಗೆ ಸೇರಿತು. ಅಷ್ಟು ದುಡ್ಡಿನ ಸಾಮಾನಿನ ಮೇಲೆ ಕೆಟ್ಟ ಚಿತ್ರ ಬರೆಯೋಕೆ ಅವನಿಗೆ ಭಯ. ಕೆಟ್ಟ ಚಿತ್ರ ಬರೆಯದೆ ಒಳ್ಳೆಯದು ಬರೋದಿಲ್ಲ, ಅಲ್ವಾ? ರದ್ದಿ ಕಾಗದದ ಮೇಲೆ ಆ ಭಯ ಇರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಬೇರೆ ಇದೆ. ಅವನು ಏನು ತೋರಿಸಿದರೂ ನಾನು ಪ್ರೂಫ್ ತಿದ್ದುತ್ತ, ತಲೆ ಎತ್ತದೆ, ‘ಭಾರೀ ಐತಿ, ಭಾರೀ ಐತಿ’ ಅನ್ನುತ್ತಿದ್ದೆ. ಒಂದು ದಿನ ಅವನು, ‘ಅಪ್ಪಾ, ನೀ ನೋಡೇ ಇಲ್ಲ’ ಅಂದ. ಆಮೇಲೆ ತೋರಿಸುವುದನ್ನೇ ಬಿಟ್ಟ.

ಹಾಗಾಗಿ ನೀವು ಕೇಳಿದ ‘ಹೇಗೆ ಆಸರೆಯಾಗುವುದು’ ಎಂಬುದಕ್ಕೆ ನನ್ನ ಉತ್ತರ ಚಿಕ್ಕದು. ನೋಡಿ. ಬಟ್ಟೆ ನೋಡುವ ಹಾಗೆ ನೋಡಿ. ನಿಮ್ಮ ಕೈಗೆ ಖಣ ಕೊಟ್ಟರೆ ಬೆಳಕಿಗೆ ಹಿಡಿದು, ಎಲ್ಲಿ ಬಿಗಿ ಎಲ್ಲಿ ಸಡಿಲ ಹೇಳಿಬಿಡುತ್ತೀರಿ. ಅದೇ ಕಣ್ಣನ್ನು ಆ ನೋಟ್‌ಬುಕ್ಕಿನ ಮೇಲೆ ಇಡಿ. ‘ಚಂದ ಐತಿ’ ಅನ್ನುವ ಬದಲು, ‘ಇಲ್ಲಿ ಎತ್ತು ಯಾಕ ಜಿಗದಂಗ ಕಾಣತೈತಿ?’ ಅಂತ ಕೇಳಿ. ಅವಳು ಹತ್ತು ನಿಮಿಷ ವಿವರಿಸುತ್ತಾಳೆ, ನೀವು ಸುಮ್ನೆ ಕೇಳಿ. ಅವಳಿಗೆ ಬೇಕಾದ ಮೊದಲ ಪ್ರೇಕ್ಷಕ ಅಂಥವನು.

ಎತ್ತಿನ ವಿಷಯಕ್ಕೇ ಬರೋಣ, ಅದು ನನಗೂ ಇಷ್ಟ. ಎತ್ತು ನಡೆಯುವಾಗ ಕಾಲು ಯಾವ ಕ್ರಮದಲ್ಲಿ ಎತ್ತುತ್ತದೆ? ದಿನಾ ನೋಡುವ ನಾವು ಥಟ್ಟನೆ ಹೇಳಲಾರೆವು. ಒಂದು ಬದಿಯ ಹಿಂಗಾಲು, ಆಮೇಲೆ ಅದೇ ಬದಿಯ ಮುಂಗಾಲು. ನಂತರ ಇನ್ನೊಂದು ಬದಿಯ ಹಿಂಗಾಲು, ಅದರ ಮುಂಗಾಲು. ಕುದುರೆ ಓಡುವಾಗ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುತ್ತವೋ ಇಲ್ಲವೋ ಅಂತ ದೊಡ್ಡ ದೊಡ್ಡವರೇ ವಾದ ಮಾಡುತ್ತಿದ್ದರು. 1878ರಲ್ಲಿ ಅಮೆರಿಕದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬಾತ ಸಾಲಾಗಿ ಕ್ಯಾಮೆರಾ ಇಟ್ಟು ಫೋಟೋ ತೆಗೆದ ಮೇಲೆ ಅದು ತೀರ್ಮಾನವಾಯಿತು. ಬಿಡುತ್ತವೆ. ಆದರೆ ಕಾಲು ಮುಂದೆ ಹಿಂದೆ ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಕೂಡಿದಾಗ. ಅಲ್ಲಿಯವರೆಗೆ ಚಿತ್ರಗಾರರು ಉಲ್ಟಾ ಬರೆಯುತ್ತಿದ್ದರು. ಈ ಕಾರ ಹುಣ್ಣಿಮೆಗೆ ಎತ್ತು ಓಡಿಸಿ ಕರಿ ಹರಿಯುವಾಗ ಮಗಳ ಜೊತೆ ನಿಂತು ಬರೀ ಕಾಲು ನೋಡಿ. ಗೆದ್ದವರು ಯಾರು ಅನ್ನೋದು ಆಮೇಲೆ.

ಸಾಮಾನಿಗೆ ಬಂದೆ. ಗಣಿತದ ನೋಟ್‌ಬುಕ್ ಬಿಡಿಸಿ, ಬೇರೆ ನೋಟ್‌ಬುಕ್ ಕೊಡಿಸಿ. ಸ್ವಲ್ಪ ದಪ್ಪ ಹಾಳೆಯದಿದ್ದರೆ ಬೆರಳಿನಡಿ ಚೆನ್ನಾಗಿ ಜಾರುತ್ತದೆ. ಕೊನೆಯ ಹಾಳೆಯಿಂದ ಬರೆಯುತ್ತ ಮುಂದಕ್ಕೆ ಬಂದರೆ ಕೆಳಗಿನ ಚಿತ್ರ ಮಸುಕಾಗಿ ಕಾಣುತ್ತದೆ, ಅದನ್ನು ಹಿಡಿದು ಮುಂದಿನದು ಬರೆಯಬಹುದು. ಇನ್ನೂ ಚೆನ್ನಾಗಿ ಕಾಣಬೇಕಾ? ಎರಡು ಇಟ್ಟಿಗೆಯ ಮೇಲೆ ಒಂದು ಗಾಜು ಇಟ್ಟು ಕೆಳಗೆ ಎಲ್‌ಇಡಿ ಬಲ್ಬು ಹಾಕಿ. ಸ್ಟುಡಿಯೋಗಳ ಲೈಟ್ ಟೇಬಲ್ ಅಂದರೆ ಮೂಲದಲ್ಲಿ ಇಷ್ಟೇ. ಗಾಜಿನ ಅಂಚಿಗೆ ಟೇಪು ಸುತ್ತಿ.

ಮೊದಲ ಪಾಠ ಎತ್ತಲ್ಲ, ಚೆಂಡು. ಜಗತ್ತಿನ ತುಂಬ ಅನಿಮೇಷನ್ ಕಲಿಯುವವರು ಪುಟಿಯುವ ಚೆಂಡಿನಿಂದಲೇ ಶುರು ಮಾಡುತ್ತಾರೆ. ಚೆಂಡು ಮೇಲೆ ಹೋದಾಗ ನಿಧಾನ, ಅಲ್ಲಿ ಚಿತ್ರಗಳು ಒತ್ತೊತ್ತಾಗಿ ಬರಬೇಕು. ಕೆಳಗೆ ಬೀಳುವಾಗ ವೇಗ, ಅಲ್ಲಿ ದೂರ ದೂರ. ನೆಲ ಮುಟ್ಟಿದಾಗ ಸ್ವಲ್ಪ ಚಪ್ಪಟೆ. ಹಾಸಿನ ಎಳೆ ದಟ್ಟ ಇದ್ದಲ್ಲಿ ಬಟ್ಟೆ ಬೇರೆ, ತೆಳು ಇದ್ದಲ್ಲಿ ಬೇರೆ ಅಂತ ನೀವು ಹೇಳಿಕೊಡಬಹುದು, ಅವಳಿಗೆ ತಕ್ಷಣ ಹೊಳೆಯುತ್ತದೆ. ರಬ್ಬರ್ ಚೆಂಡು, ಕಬ್ಬಿಣದ ಗುಂಡು, ನಿಂಬೆಹಣ್ಣು ಮೂರನ್ನೂ ಅಂಗಳದಲ್ಲಿ ಬೀಳಿಸಿ ನೋಡಲಿ. ಬರೀ ದುಂಡು ಗೆರೆಯಲ್ಲಿ ಯಾವುದು ಯಾವುದೆಂದು ನೋಡುವವರಿಗೆ ಗೊತ್ತಾಗಬೇಕು. ಇದು ಬಂದರೆ ಅರ್ಧ ಬಂತು.

ಇನ್ನು ಅಜ್ಜಿ. ಅವರನ್ನು ಎದುರು ಹಾಕಿಕೊಳ್ಳಬೇಡಿ, ಕೆಲಸಕ್ಕೆ ಹಚ್ಚಿ! ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವವರು ಮನೆಯಲ್ಲಿ ಅವರೇ ಇರಬೇಕು. ಆಷಾಢದ ಮಂಗಳವಾರದ ಗುಳ್ಳವ್ವನೂ ಅವರದೇ ಕೈ. ಮಣ್ಣಿನ ಗೊಂಬೆಯನ್ನು ಚೂರು ಚೂರೇ ಸರಿಸಿ, ಪ್ರತಿ ಸಲ ಒಂದು ಫೋಟೋ ತೆಗೆದು ಜೋಡಿಸಿದರೆ ಗೊಂಬೆ ನಡೆಯುತ್ತದೆ. ಇದಕ್ಕೆ ಸ್ಟಾಪ್ ಮೋಷನ್ ಅನ್ನುತ್ತಾರೆ. ಫೋಟೋ ಜೋಡಿಸುವ ಉಚಿತ ಆಪ್‌ಗಳಿವೆ, ನಿಮ್ಮ ಮನೆಯ ಮೊಬೈಲ್ ಸಾಕು. ನಮ್ಮ ಎರೆಮಣ್ಣಿನದು ಒಂದು ತೊಂದರೆ ಇದೆ, ಒಣಗಿದರೆ ಬಿರುಕು ಬಿಡುತ್ತದೆ. ಅರಳೆ ಸೇರಿಸಿ ನಾದಿದರೆ, ಮೇಲೆ ಒದ್ದೆ ಬಟ್ಟೆ ಮುಚ್ಚಿಟ್ಟರೆ ಸ್ವಲ್ಪ ಹೊತ್ತು ತಡೆಯುತ್ತದೆ. ಸ್ಟೇಷನರಿ ಅಂಗಡಿಯ ಎಣ್ಣೆಯ ಕ್ಲೇ ಒಣಗುವುದೇ ಇಲ್ಲ. ಮಣ್ಣಿನ ಗೊಡವೆ ಬೇಡವಾದರೆ ಹಳೆಯ ಲಗ್ನಪತ್ರಿಕೆಯ ರಟ್ಟು ಕತ್ತರಿಸಿ ಕೈಕಾಲಿಗೆ ದಾರದ ಕೀಲು ಹಾಕಬಹುದು, ನಮ್ಮ ತೊಗಲುಗೊಂಬೆಯ ಹಾಗೆ. ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಹೆಣ್ಣುಮಗಳು ಕಪ್ಪು ರಟ್ಟು ಕತ್ತರಿಸಿ, ನೆರಳಿನ ಗೊಂಬೆಗಳಿಂದಲೇ 1926ರಲ್ಲಿ ಪೂರ್ತಿ ಉದ್ದದ ಸಿನಿಮಾ ಮಾಡಿ ತೋರಿಸಿದಳು. ಬೀಗರಿಗೆ ಹೇಳಿ.

ಮೊಬೈಲ್ ಅಲುಗಾಡಬಾರದು. ಮಗ್ಗದ ಕಂಬಕ್ಕೆ ಕಟ್ಟಿದರೂ ಸರಿ, ಆದರೆ ಆಗ ನೇಯಬೇಡಿ. ಕಿಟಕಿ ಮುಚ್ಚಿ ಒಂದೇ ದೀಪ ಇಡಿ. ಬಿಸಿಲು ಬದಲಾಗುತ್ತಿದ್ದರೆ ಚಿತ್ರ ಮಿಣಮಿಣ ಅನ್ನುತ್ತದೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಎಂಬತ್ತನೇ ಫೋಟೋದಲ್ಲಿ ನೂಲಿನ ಅಂಗಡಿಯಿಂದ ಫೋನ್ ಬಂದು ಕೈ ತಾಗಿದರೆ ಮಗು ಅಳುತ್ತದೆ, ಅಳುವುದು ನ್ಯಾಯವೇ.

ಎರೆಮಣ್ಣಿನ ಮಾತು ಬಂದಾಗ ದಾದಾಸಾಹೇಬ್ ಫಾಲ್ಕೆ ನೆನಪಾಗುತ್ತಾರೆ. ಪೂರ್ತಿ ಸಿನಿಮಾ ಮಾಡುವ ಮೊದಲು ಅವರು ಕುಂಡದಲ್ಲಿ ಬಟಾಣಿ ಬಿತ್ತಿ, ದಿನಕ್ಕೊಂದು ಫ್ರೇಮ್, ಅಂದರೆ ಸಿನಿಮಾದ ಒಂದೇ ಒಂದು ಚಿತ್ರ ತೆಗೆದು, ಬೀಜ ಮೊಳೆತು ಬಳ್ಳಿಯಾಗುವ ಪುಟ್ಟ ಚಿತ್ರ ಮಾಡಿದರು. ಅದನ್ನು ತೋರಿಸಿಯೇ ಹಣ ಹಾಕುವವರನ್ನು ಒಪ್ಪಿಸಿದರು. 1913ರಲ್ಲಿ ಅವರ ‘ರಾಜಾ ಹರಿಶ್ಚಂದ್ರ’ ಬಂತು. ನಿಮ್ಮ ಮಗಳು ಜೋಳದ ಕಾಳಿನಿಂದ ಮಾಡಲಿ. ಒಂದು ತಿಂಗಳು, ದಿನಾ ಅದೇ ಹೊತ್ತಿಗೆ, ಅದೇ ಜಾಗದಿಂದ ಒಂದು ಫೋಟೋ. ತಿಂಗಳು ಪೂರ್ತಿ ಬಿಡದೆ ಮಾಡಿದರೆ ನೀವೂ ಒಪ್ಪುತ್ತೀರಿ, ಇದು ಹುಚ್ಚಲ್ಲ ಅಂತ.

ಕಾರ್ಟೂನ್ ಜಾಸ್ತಿ ನೋಡುತ್ತಾಳೆ ಅನ್ನುವ ಚಿಂತೆ ಇದ್ದೇ ಇರುತ್ತದೆ. ಮೂರು ತಾಸು ನೋಡುವುದು ನನಗೂ ಸರಿ ಕಾಣದು. ಆದರೆ ಕಲಿಯುವವರು ನೋಡುವ ರೀತಿ ಬೇರೆ. ಯೂಟ್ಯೂಬಿನಲ್ಲಿ ವೇಗವನ್ನು 0.25ಕ್ಕೆ ಇಳಿಸಿ ಒಂದೇ ನಿಮಿಷವನ್ನು ಹತ್ತು ಸಲ ನೋಡಲಿ. ಜಿಗಿಯುವ ಮೊದಲು ಪಾತ್ರ ಕೆಳಗೆ ಕುಗ್ಗುತ್ತದೆ, ವೇಗದಲ್ಲಿ ಮೈ ರಬ್ಬರಿನ ಹಾಗೆ ಉದ್ದವಾಗುತ್ತದೆ. ನಿಲ್ಲಿಸಿ ನಿಲ್ಲಿಸಿ ಬರೆದುಕೊಳ್ಳಲಿ. ಹೀಗೆ ನೋಡಿದರೆ ಅರ್ಧ ತಾಸಿಗೆ ಸುಸ್ತಾಗುತ್ತದೆ, ಬೈಯುವ ಕೆಲಸವೂ ನಿಮಗೆ ಉಳಿಯುವುದಿಲ್ಲ.

ಒಂದು ಭಾನುವಾರ ಬಾದಾಮಿಗೆ ಕರೆದುಕೊಂಡು ಹೋಗಿ. ಮೊದಲನೇ ಗುಹೆಯ ಬಾಗಿಲಲ್ಲೇ ಹದಿನೆಂಟು ಕೈಯ ನಟರಾಜ ಇದ್ದಾನೆ. ಎಡಕ್ಕೆ ಒಂಬತ್ತು, ಬಲಕ್ಕೆ ಒಂಬತ್ತು. ಒಂದೊಂದು ಎಡಗೈಗೆ ಒಂದೊಂದು ಬಲಗೈ ಜೋಡಿಸಿದರೆ 81 ಭಂಗಿ ಅಂತ ಗೈಡುಗಳು ಹೇಳುತ್ತಾರೆ. ಭಕ್ತರು ಅದರಲ್ಲಿ ಶಿವನನ್ನು ನೋಡುತ್ತಾರೆ. ನಿಮ್ಮ ಮಗಳು ಒಂದೇ ಕಲ್ಲಿನಲ್ಲಿ ಒಟ್ಟಿಗೆ ಬರೆದ ಫ್ರೇಮುಗಳನ್ನು ನೋಡಬಹುದು. ಪೆನ್ಸಿಲ್ ಒಯ್ಯಲಿ. ಮಂಗಗಳಿವೆ, ತಿಂಡಿ ಚೀಲ ಜೋಪಾನ. ಮಂಗಗಳನ್ನೂ ಬರೆಯಲಿ, ಅವುಗಳಿಗಿಂತ ಒಳ್ಳೆಯ ಮಾಡೆಲ್ ಸಿಗಲಾರರು.

ಕಂಪ್ಯೂಟರ್ ಬೇಡವೇ ಬೇಡ ಅಂತಲ್ಲ. ಒಂಬತ್ತೋ ಹತ್ತೋ ಮುಗಿದ ಮೇಲೆ, ಅಷ್ಟೊತ್ತಿಗೂ ಈ ಹುಮ್ಮಸ್ಸು ಉಳಿದಿದ್ದರೆ ನೋಡೋಣ. ತಂತ್ರಾಂಶಕ್ಕೆ ದುಡ್ಡು ಸುರಿಯಬೇಕಿಲ್ಲ. ಕೃತಾ, ಪೆನ್ಸಿಲ್ 2ಡಿ, ಓಪನ್‌ಟೂನ್ಸ್, ಬ್ಲೆಂಡರ್ ಎಲ್ಲವೂ ಉಚಿತ. ಬ್ಲೆಂಡರಿನಲ್ಲಿ ಮಾಡಿದ, ಲಾಟ್ವಿಯಾ ದೇಶದ ನಿರ್ದೇಶಕನ ‘ಫ್ಲೋ’ ಎಂಬ ಬೆಕ್ಕಿನ ಸಿನಿಮಾಕ್ಕೆ 2025ರಲ್ಲಿ ಆಸ್ಕರ್ ಬಂತು. ಅದರಲ್ಲಿ ಒಂದೂ ಮಾತಿಲ್ಲ. ಕನ್ನಡ ಮೀಡಿಯಂ ಹುಡುಗಿಗೂ ಅಜ್ಜಿಗೂ ಸಮಾನವಾಗಿ ಅರ್ಥವಾಗುತ್ತದೆ.

ಓದಿನ ದಾರಿ ಚುಟುಕಾಗಿ. ಪಿಯುಸಿ ಯಾವ ವಿಭಾಗವಾದರೂ ನಡೆಯುತ್ತದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿಯಲ್ಲಿ ಅನಿಮೇಷನ್ನಿಗೆಂದೇ ನಾಲ್ಕು ವರ್ಷದ ಡಿಗ್ರಿ ಇದೆ, ಪ್ರವೇಶ ಪರೀಕ್ಷೆ ಬರೆಯಬೇಕು. ಐಐಟಿಗಳ ಡಿಸೈನ್ ಕೋರ್ಸಿಗೆ ಯುಸೀಡ್ ಎಂಬ ಪರೀಕ್ಷೆ. ನಮ್ಮ ರಾಜ್ಯದಲ್ಲಿ ಬಿವಿಎ ಎಂಬ ಚಿತ್ರಕಲೆಯ ಡಿಗ್ರಿ ಇದೆ. ಅದಕ್ಕೂ ಮೊದಲು ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಕಟ್ಟಿಸಿ, ಕೈ ಪಳಗುತ್ತದೆ. ಇಂಗ್ಲಿಷನ್ನು ಈಗಿನಿಂದ ಸ್ವಲ್ಪ ಸ್ವಲ್ಪ ಗಟ್ಟಿ ಮಾಡಲಿ, ತಂತ್ರಾಂಶದ ಪಾಠಗಳು ಬಹಳಷ್ಟು ಅದರಲ್ಲೇ ಇವೆ. ಗಣಿತವನ್ನೂ ಬಿಡುವಂತಿಲ್ಲ. ಚೆಂಡಿನ ಹಾದಿ ಗಣಿತವೇ ತಾನೆ.

ಆ ಸಂಸ್ಥೆಯವರು ಮತ್ತೆ ಬಂದರೆ ಎರಡೇ ಪ್ರಶ್ನೆ ಕೇಳಿ. ನಿಮ್ಮಲ್ಲಿ ಕಲಿತವರು ಮಾಡಿದ ಒಂದು ನಿಮಿಷದ ಚಿತ್ರ ತೋರಿಸಿ. ನಡುವೆ ಬಿಟ್ಟರೆ ಫೀ ಎಷ್ಟು ವಾಪಸ್, ಬರೆದು ಕೊಡಿ. ಕಂಪ್ಯೂಟರ್ ಎಷ್ಟಿವೆ, ಎಸಿ ಇದೆಯಾ ಅನ್ನುವುದೆಲ್ಲ ಆಮೇಲೆ. ಈ ಕ್ಷೇತ್ರದಲ್ಲಿ ಕೆಲಸ ಕೊಡುವವರೂ ಸರ್ಟಿಫಿಕೇಟಿಗಿಂತ ಮೊದಲು ಕೇಳುವುದು ಶೋರೀಲ್, ಅಂದರೆ ಮಾಡಿದ ಕೆಲಸದ ತುಣುಕು. ಗುಳೇದಗುಡ್ಡದಲ್ಲಿ ಮಾಡಿದ ಎತ್ತು ಅದರಲ್ಲಿ ಇದ್ದರೆ ನಡೆಯುತ್ತದೆ.

ಬೆಂಗಳೂರಿನ ಪ್ರಶ್ನೆಗೆ ಇನ್ನೂ ನಾಲ್ಕೈದು ವರ್ಷ ಸಮಯವಿದೆ. ಈಗಲೇ ಜಗಳ ಯಾಕೆ? ಕೆಲಸ ಹೆಚ್ಚಾಗಿ ಅಲ್ಲೇ ಇರುವುದು ನಿಜ. ಈ ಕ್ಷೇತ್ರಕ್ಕೆಂದೇ ಕರ್ನಾಟಕ ಸರ್ಕಾರ 2012ರಲ್ಲೇ ನೀತಿ ತಂದಿತ್ತು, ಈಗ 2024ರಿಂದ 2029ರವರೆಗಿನದು ನಡೆದಿದೆ. ಹಾಗಂತ ಕೆಲಸ ಸುಲಭವಲ್ಲ. ಡೆಡ್‌ಲೈನ್ ಬಂದರೆ ರಾತ್ರಿ ಹಗಲು ದುಡಿಯಬೇಕು, ಗುತ್ತಿಗೆಯ ಕೆಲಸ ಬಹಳ. ಇನ್ನು ಎಐ ಬಂದು ಎಲ್ಲ ನುಂಗುತ್ತದೆಯೇ ಅಂತ ನೀವು ಕೇಳಿಲ್ಲ, ಆದರೆ ಯಾರಾದರೂ ಹೆದರಿಸುತ್ತಾರೆ. ಪವರ್‌ಲೂಮ್ ಬಂದ ಕಾಲ ಕಂಡವರಿಗೆ ಆ ಮಾತನ್ನು ನಾನು ಹೇಳಿಕೊಡಬೇಕಾಗಿಲ್ಲ. ಯಾವ ಕೆಲಸ ಹೋಯಿತು, ಯಾವ ಕೈಗೆ ಇವತ್ತಿಗೂ ಹುಡುಕಿಕೊಂಡು ಬರುತ್ತಾರೆ, ನಿಮಗೇ ಗೊತ್ತು. ಅದನ್ನು ಮಗಳಿಗೆ ಮುಚ್ಚಿಡದೆ ಹೇಳಿ.

ಮತ್ತೆ, ಆ ಗಣಿತದ ನೋಟ್‌ಬುಕ್ಕನ್ನು ಪರೀಕ್ಷೆ ಮುಗಿದ ಮೇಲೆ ನಮ್ಮ ಕಚೇರಿಗೆ ಕಳಿಸಿ, ನೋಡಿ ವಾಪಸ್ ಕಳಿಸುತ್ತೇವೆ. ಬಿಡಿ ಹಾಳೆ ಇದ್ದರೆ ಪ್ರತಿಯೊಂದಕ್ಕೂ ನಂಬರು ಹಾಕಿಸಿ. ಹೋದ ವರ್ಷ ಮುಧೋಳದ ಒಬ್ಬ ಹುಡುಗ ಕಳಿಸಿದ ಕಟ್ಟಿನ ದಾರ ಬಿಚ್ಚಿಹೋಗಿತ್ತು. ನಾವು ಜೋಡಿಸಿ ಬಿಟ್ಟರೆ ಕೋಳಿ ಮೊದಲು ಹಾರಿಹೋಗಿ, ಆಮೇಲೆ ಮೊಟ್ಟೆಯಿಂದ ಹೊರಬಂತು. ಸರಿ ಮಾಡಲು ಮೂರು ಜನ ಅರ್ಧ ದಿನ ಕೂತಿದ್ದೆವು. ಆ ತಿಂಗಳ ಸಂಚಿಕೆ ತಡವಾಗಿದ್ದು ಅದಕ್ಕೇ.