ಸಿರೋಸಿಸ್, ಪ್ಲೇಟ್‌ಲೆಟ್ 45 ಸಾವಿರ: ಸ್ಪ್ಲೀನ್ ತೆಗೆಸಬೇಕಾ?

ಸಿರೋಸಿಸ್ ಇರುವ ತಂದೆಯ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ) 45 ಸಾವಿರಕ್ಕೆ ಇಳಿದಿದೆ, ಸ್ಪ್ಲೀನ್ (ಗುಲ್ಮ) ತೆಗೆಸಬೇಕಾ ಎಂದು ಕೇಳಿದ್ದೀರಿ. ಹೀಗೆ ಇಳಿಯಲು ಬಹುಶಃ ಪೋರ್ಟಲ್ ಒತ್ತಡ, ಅಂದರೆ ಲಿವರ್‌ಗೆ ರಕ್ತ ತರುವ ಪೋರ್ಟಲ್ ನಾಳದಲ್ಲಿ ಹೆಚ್ಚಿದ ಒತ್ತಡವೇ ಕಾರಣ. ಸಿರೋಸಿಸ್‌ನಿಂದ ಲಿವರ್ ಗಟ್ಟಿಯಾದರೆ ರಕ್ತ ಸರಾಗವಾಗಿ ಒಳಗೆ ಹೋಗುವುದಿಲ್ಲ. ಆಗ ಸ್ಪ್ಲೀನ್ ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೂಲ ತೊಂದರೆ ಲಿವರಿನದ್ದು. ಹಾಗಾಗಿ ಬರೀ ಆ ಸಂಖ್ಯೆ ನೋಡಿ ಸ್ಪ್ಲೀನ್ ತೆಗೆಸುವುದು ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಮೊದಲು ಲಿವರ್ ತಜ್ಞರನ್ನೇ ಕಂಡು, 'ಈಗ್ಯಾಕೆ ತೆಗೀಬೇಕು?' ಎಂದು ನೇರವಾಗಿ ಕೇಳಿ. ರಕ್ತ ವಾಂತಿ ಆಗಿತ್ತಾ, ಎಂಡೋಸ್ಕೋಪಿ ಆಗಿದೆಯಾ, ಪೋರ್ಟಲ್ ನಾಳದ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಆಗಿದೆಯಾ, ಈ ಪ್ರಶ್ನೆಗಳೆಲ್ಲ ಅದರ ಹಿಂದೆಯೇ ಬರುತ್ತವೆ. ಮುಂದೆ ಲಿವರ್ ಕಸಿ ಬೇಕಾಗಬಹುದಾ ಎಂಬುದನ್ನೂ ಈಗಲೇ ಕೇಳಿಬಿಡಿ. ಸ್ಪ್ಲೀನ್‌ಗೆ ಹೋಗುವ ರಕ್ತವನ್ನು ಸ್ವಲ್ಪ ಕಟ್ಟಿಹಾಕುವ ಎಂಬೊಲೈಸೇಶನ್ ಕೂಡ ಇದೆ. ಅದಕ್ಕೂ ಅದರದ್ದೇ ಅಪಾಯಗಳಿವೆ. ಯಾವುದು ಸರಿ ಅಂತ ರಿಪೋರ್ಟ್ ನೋಡದೆ ಇಲ್ಲಿ ಹೇಳಲಾಗದು.

ಸ್ಪ್ಲೀನ್ ಇಲ್ಲದವರಲ್ಲಿ ಕೆಲವು ಸೋಂಕುಗಳು ಬೇಗ ಉಲ್ಬಣಿಸುತ್ತವೆ. ಹಾಗಾಗಿ ತೆಗೆಸುವುದೇ ಖಚಿತವಾದರೆ, ಅವನ್ನು ತಡೆಯುವ ನ್ಯುಮೋಕಾಕಲ್, ಮೆನಿಂಗೋಕಾಕಲ್, ಹಿಬ್ ಲಸಿಕೆಗಳು ಆಪರೇಷನ್‌ಗೆ ಕನಿಷ್ಠ 2 ವಾರ ಮೊದಲೇ ಆಗಿರಲಿ. ಇದನ್ನು ನೆನಪಿಸಲು ಸಂಕೋಚ ಬೇಡ. ಆಪರೇಷನ್ ಆದಮೇಲೆ ಪೋರ್ಟಲ್ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಸಿರೋಸಿಸ್ ಇದ್ದವರಲ್ಲಿ ಜಾಸ್ತಿ. ಮತ್ತೆ ಡಾಪ್ಲರ್ ಯಾವಾಗ ಎಂದು ಡಿಸ್ಚಾರ್ಜ್ ಆಗುವಾಗಲೇ ಬರೆಸಿಕೊಳ್ಳಿ.

ಸ್ಪ್ಲೀನ್ ತೆಗೆಸಿದ ಮೇಲೆ ಜ್ವರ ಬಂದರೆ ಸುಮ್ನೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ನಮ್ಮ ಮಾವನವರ ಫೈಲ್ ಮೇಲೆ ಕೆಂಪು ಇಂಕಿನಲ್ಲಿ 'ಸ್ಪ್ಲೀನ್ ಇಲ್ಲ' ಎಂದು ಬರೆದಿದ್ದೇವೆ, ಕ್ಯಾಶುಯಾಲ್ಟಿಯಲ್ಲಿ ಅದನ್ನೇ ಮೊದಲು ತೋರಿಸುತ್ತೇವೆ. ಈಗ ವಾಂತಿಯಲ್ಲಿ ರಕ್ತ ಅಥವಾ ಕಪ್ಪು ಮಲ ಕಂಡರೆ ಇದ್ಯಾವುದಕ್ಕೂ ಕಾಯದೆ ಕೂಡಲೇ ಹೊರಡಿ.